ವೀಸಾಗೂ ಮೊದಲು ಒಂದಿಷ್ಟು ಇತಿಹಾಸ

ನಮ್ಮ ಕ್ಯಾಂಪಸ್‌ನಲ್ಲಿ ಅಮೆರಿಕದ ಮಾತಿಗೆ ಬರ ಇಲ್ಲ. ಐದನೇ ಸೆಮಿಸ್ಟರ್ ದಾಟುತ್ತಿದ್ದಂತೆ ಜಿಆರ್‌ಇ, ಐ-20, ಎಜುಕೇಷನ್ ಲೋನ್, ಎಚ್-1ಬಿ ಲಾಟರಿ ಅಂತ ಶುರುವಾಗುತ್ತದೆ. ಯಾವ ಯೂನಿವರ್ಸಿಟಿಗೆ ಎಷ್ಟು ಫೀಸು ಅಂತ ಕೇಳಿದರೆ ಹಾಸ್ಟೆಲ್‌ನಲ್ಲಿ ಅರ್ಧ ಜನ ನಿದ್ದೆಗಣ್ಣಲ್ಲೂ ಹೇಳ್ತಾರೆ. ಆದರೆ 1965ಕ್ಕೆ ಮೊದಲು ನಮ್ಮಂಥವರು ಆ ದೇಶಕ್ಕೆ ಹೋಗಿ ನೆಲೆಸುವುದು ಯಾಕೆ ಅಷ್ಟು ಕಷ್ಟವಿತ್ತು, ಆ ವರ್ಷ ಏನು ಬದಲಾಯಿತು ಅಂತ ಕೇಳಿ ನೋಡಿ. ಯಾರೂ ಬಾಯಿ ಬಿಡಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಆಧುನಿಕ ಅಮೆರಿಕದ ಇತಿಹಾಸವನ್ನು, ಅಲ್ಲಿನ ಕಾಲೇಜುಗಳಲ್ಲಿ ಮೊದಲ ವರ್ಷದವರು ಓದುವ ಮಟ್ಟದಲ್ಲಾದರೂ, ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದಬೇಕು. ಕ್ವಿಜ್ ಗೆಲ್ಲೋಕಲ್ಲ. ನುಗ್ಗೇಹಳ್ಳಿ, ಶ್ರವಣಬೆಳಗೊಳ, ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಬಂದ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಎಂಎಸ್ ಅಂದರೆ ತೆಂಗಿನ ತೋಟದ ಮೇಲೆ ಸಾಲ. ಅಷ್ಟು ದೊಡ್ಡ ನಿರ್ಧಾರವನ್ನು ಕನ್ಸಲ್ಟೆನ್ಸಿಯವರ ಪಾಂಪ್ಲೆಟ್ ನೋಡಿ ಮಾಡುವುದಕ್ಕಿಂತ, ಆ ದೇಶ ಬಾಗಿಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನೋದನ್ನು ತಿಳಿದು ಮಾಡೋಣ.

ಆ ಬಾಗಿಲಿನ ಕಥೆಯನ್ನೇ ನೋಡಿ. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ಮಾರ್ಗ ಮುಗಿಯಿತು. ಪಶ್ಚಿಮದ ಕಡೆಯಿಂದ ಬೆಟ್ಟ ಕೊರೆದು ಹಳಿ ಹಾಸಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು. ಹದಿಮೂರೇ ವರ್ಷದಲ್ಲಿ, 1882ರಲ್ಲಿ, ಚೀನೀ ಕಾರ್ಮಿಕರು ಬರಕೂಡದು ಅಂತ ಕಾನೂನಾಯಿತು. 1917ರಲ್ಲಿ ನಿಷೇಧದ ಗೆರೆ ಭಾರತವನ್ನೂ ಸೇರಿಸಿಕೊಂಡು ದೊಡ್ಡದಾಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 'ನೀವು ಬಿಳಿಯರಲ್ಲ' ಅಂತ ತೀರ್ಪು ಕೊಟ್ಟಿತು. 1946ರಲ್ಲಿ ಬಾಗಿಲು ಕೊಂಚ ತೆರೆಯಿತು. ಎಷ್ಟು? ಇಡೀ ಭಾರತದಿಂದ ವರ್ಷಕ್ಕೆ 100 ಜನ. ನಮ್ಮ ಒಂದು ಬ್ರಾಂಚಿನ ಎರಡು ಸೆಕ್ಷನ್ ಕೂಡ ಅದರಲ್ಲಿ ಹಿಡಿಯಲ್ಲ.

ಹಾಗಾದರೆ 1965ರಲ್ಲಿ ಆಗಿದ್ದೇನು? ದೇಶ, ಜನಾಂಗ ನೋಡಿ ಕೋಟಾ ಹಂಚುವ ಪದ್ಧತಿಯನ್ನು ಆ ವರ್ಷದ ವಲಸೆ ಕಾನೂನು ತೆಗೆದುಹಾಕಿತು. ಅದು ಆಕಾಶದಿಂದ ಉದುರಿದ್ದಲ್ಲ. ಶೀತಲ ಸಮರದ ಹೊತ್ತಿನಲ್ಲಿ ಜಗತ್ತಿನ ಮುಂದೆ ಮುಖ ಉಳಿಸಿಕೊಳ್ಳುವ ಲೆಕ್ಕ ಇತ್ತು, ನಿಜ. ಆದರೆ ಅದಕ್ಕೂ ಮುಂಚೆ ಅಲಬಾಮಾದ ಬರ್ಮಿಂಗ್‌ಹ್ಯಾಮ್, ಸೆಲ್ಮಾದಂಥ ಊರುಗಳಲ್ಲಿ ಕಪ್ಪು ಜನರು, ಶಾಲೆಯ ಮಕ್ಕಳೂ ಸೇರಿ, ಪೊಲೀಸ್ ನಾಯಿ, ನೀರಿನ ಪೈಪು, ಲಾಠಿಗಳ ಮುಂದೆ ನಿಂತಿದ್ದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾನೂನು, ಅದೇ ಅಕ್ಟೋಬರ್‌ನಲ್ಲಿ ವಲಸೆ ಕಾನೂನು. ಚರ್ಮದ ಬಣ್ಣ ನೋಡಿ ಹಕ್ಕು ಹಂಚಬಾರದು ಅಂತ ಅವರು ಹೋರಾಡದೇ ಇದ್ದಿದ್ದರೆ ನಮ್ಮ ಸೀನಿಯರ್‌ಗಳು ಡಲ್ಲಾಸ್‌ನಲ್ಲಿ ಯುಗಾದಿ ಮಾಡ್ತಾ ಇರುತ್ತಿದ್ದರು ಅಂತ ಹೇಳೋದು ಕಷ್ಟ. ಅಲ್ಲಿ ಹೋಗಿ ಇಳಿದ ಮೇಲೆ 'ಆ ಏರಿಯಾ ಬೇಡ, ಅಲ್ಲಿ ಕಪ್ಪು ಜನ ಜಾಸ್ತಿ' ಅಂತ ಹೇಳಿಕೊಡುವ ನಮ್ಮವರೂ ಇದ್ದಾರೆ. ಅದಕ್ಕೇ ಈ ಪಾಠ ವಿಮಾನ ಹತ್ತೋ ಮುಂಚೆ ಆಗಬೇಕು. ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಿದವರು. 1946ರಲ್ಲಿ ಕಪ್ಪು ಜನರ ನಾಯಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಆ ಜನರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಬಗ್ಗೆ ವಿಚಾರಿಸಿದ್ದರು. ಅವರಿಗೆ ಕಂಡ ನಂಟು ನಮಗೂ ಕಾಣಬೇಕು.

ಮುಂದಿನದೂ ಇದೇ ಕಥೆಯ ಮುಂದುವರಿಕೆ. 1990ರ ಕಾನೂನಿನಲ್ಲಿ ಎಚ್-1ಬಿ ಈಗಿನ ರೂಪಕ್ಕೆ ಬಂತು, ಮಿತಿ 65,000. ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಯಾವ ಒಂದು ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ ಅನ್ನೋ ನಿಯಮವೂ ಅಲ್ಲಿಂದಲೇ. ಸಾಫ್ಟ್‌ವೇರ್ ಕೆಲಸಕ್ಕೆ ಜನ ಬೇಕಾದಾಗ 2001ರಿಂದ 2003ರವರೆಗೆ ಮಿತಿ 1,95,000ಕ್ಕೆ ಏರಿತು, 2004ಕ್ಕೆ ಮತ್ತೆ 65,000ಕ್ಕೆ ಇಳಿಯಿತು. ಆಮೇಲೆ ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಅಂತ 20,000 ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಧ್ಯಕ್ಷರ ಘೋಷಣೆ ಬಂದಾಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಸಿಡಿಲು ಬಡಿದಂತಾಯಿತು. 1882 ಗೊತ್ತಿದ್ದವರಿಗೆ ಬೇಜಾರಾಗಿರಬಹುದು, ಅಷ್ಟು ಆಶ್ಚರ್ಯ ಆಗಿರಲಾರದು. ಕೆಲಸಕ್ಕೆ ಕೈ ಬೇಕಾದಾಗ ಕರೆಯುವುದು, ಭಯ ಹೆಚ್ಚಾದಾಗ ತಳ್ಳುವುದು ಅಲ್ಲಿ ಹಳೇ ಜಗ್ಗಾಟ. ಲಾಟರಿ ನಮ್ಮ ಹಣೆಬರಹ ಅಲ್ಲ. ಅದೊಂದು ಕಾನೂನು, ಅದನ್ನು ಬರೆದವರಿದ್ದಾರೆ, ಬರೆಯೋಕೆ ಕಾರಣಗಳಿದ್ದವು.

'ನಾನಂತೂ ಅಮೆರಿಕಕ್ಕೆ ಹೋಗಲ್ಲ, ನನಗ್ಯಾಕೆ' ಅನ್ನುವವರು ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ. ಅರವತ್ತು ಎಪ್ಪತ್ತರ ದಶಕದಲ್ಲಿ ಶಾಲೆಗೆ ಹೋದವರಾದರೆ ಕೇರ್ ಉಪ್ಪಿಟ್ಟು, ಹಾಲಿನ ಪುಡಿಯ ನೆನಪು ತೆಗೀತಾರೆ. ಆ ಉಪ್ಪಿಟ್ಟು ಇಲ್ಲಿಗೆ ಯಾಕೆ ಬಂತು? ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ರೈತರು ಬೆಳೆ ಹೆಚ್ಚಿಸಿದರು, ಯುದ್ಧ ಮುಗಿದು ಬೆಲೆ ಬಿತ್ತು, 1929ರ ನಂತರದ ಮಹಾ ಕುಸಿತದಲ್ಲಿ ನೆಲಕಚ್ಚಿತು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಲೆ ಎತ್ತಲು ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟಿತು. ಬೆಳೆದು ನಿಂತ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಿಸಿದರು, ಅರವತ್ತು ಲಕ್ಷ ಹಂದಿಮರಿಗಳನ್ನು ಕೊಂದರು, ಅದೂ ಜನ ಹಸಿದಿದ್ದ ಕಾಲದಲ್ಲಿ. ಮುಂದೆ ಬೆಂಬಲ ಬೆಲೆ ಉಳಿಯಿತು, ಟ್ರ್ಯಾಕ್ಟರ್ ಗೊಬ್ಬರಗಳಿಂದ ಇಳುವರಿ ಏರಿತು, ಸರ್ಕಾರದ ಗೋದಾಮು ತುಂಬಿತು. ಆ ಹೆಚ್ಚುವರಿ ದಾಸ್ತಾನನ್ನು ಹೊರಗೆ ಸಾಗಿಸಲು 1954ರಲ್ಲಿ ಮಾಡಿದ್ದೇ ಪಿಎಲ್-480. ಬರದ ವರ್ಷಗಳಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ದೆಹಲಿಯನ್ನು ಆಡಿಸಿದ್ದೂ ಉಂಟು. ಈಗ ಹೇಳಿ, ಕೊಬ್ಬರಿಯ ಬೆಂಬಲ ಬೆಲೆ ಏರಿಸಿ, ನಾಫೆಡ್ ಕೇಂದ್ರ ತೆರೆಯಿರಿ ಅಂತ ತಿಪಟೂರು, ಚನ್ನರಾಯಪಟ್ಟಣದ ರೈತರು ಕೇಳುವಾಗ, ಸರ್ಕಾರ ಕೊಂಡ ಮಾಲು ಆಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ನಮಗೂ ಹೊಸದಲ್ಲ ಅಲ್ವಾ?

ಇನ್ನೊಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. 'ನಮ್ಮೂರಿನ ಇತಿಹಾಸವೇ ಗೊತ್ತಿಲ್ಲ, ಅಮೆರಿಕದ್ದು ಯಾಕ್ರೀ?' ನಿಜ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಮುಂದೆ ಸೆಲ್ಫಿ ತೆಗೆಯುವ ನಾವು, 1246ರಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು ಅನ್ನೋ ಒಂದು ಸಾಲಿಗೇ ನಿಲ್ಲುತ್ತೇವೆ. ಅಲ್ಲಿನ ಗೋಡೆಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಅಂತ ಶಿಲ್ಪಿಗಳ ಹೆಸರೇ ಕೆತ್ತಿದೆ, ಓದುವವರು ಕಡಿಮೆ. ಆದರೆ ಒಂದನ್ನು ಓದಿದರೆ ಇನ್ನೊಂದು ತಪ್ಪಿ ಹೋಗಲ್ಲ. ಹಣ ಕೊಟ್ಟವರು ಯಾರು, ಕೆಲಸ ಮಾಡಿದವರು ಯಾರು, ಯಾರ ಹೆಸರು ಉಳಿಯಿತು ಅಂತ ಆ ಗುಡಿಯ ಮುಂದೆ ಕೇಳಲು ಕಲಿತವರು ಅಮೆರಿಕದ ರೈಲು ಹಳಿಯ ಮುಂದೆಯೂ ಅದನ್ನೇ ಕೇಳುತ್ತಾರೆ. ಅಲ್ಲಿ ಕಲಿತು ಬಂದವರು ಇಲ್ಲಿಯೂ ಕೇಳುತ್ತಾರೆ. ಇತಿಹಾಸದ ಮೊದಲ ಕೋರ್ಸ್ ಕಲಿಸಬೇಕಾದದ್ದೂ ಇದನ್ನೇ. ಲ್ಯಾಬ್‌ನಲ್ಲಿ ಔಟ್‌ಪುಟ್ ತಪ್ಪಿದರೆ ಹಿಂದಕ್ಕೆ ಹೋಗಿ ಎಲ್ಲಿ ಏನಾಯ್ತು ಅಂತ ಹುಡುಕ್ತೀವಲ್ಲ, ಅದೇ ಅಭ್ಯಾಸ.

ಕನ್ನಡದಲ್ಲಿ ಇದೆಲ್ಲ ಆಗುತ್ತಾ ಅಂತ ಅನುಮಾನ ಬೇಡ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕ ನೋಡಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ದೇಶವನ್ನು ಕನ್ನಡದ ಕಣ್ಣಲ್ಲಿ ನೋಡೋದು ನಮ್ಮ ಕಡೆಯವರಿಗೆ ಹೊಸತಲ್ಲ.

ಸಿಲಬಸ್‌ಗೆ ಸೇರಿಸಿ ಅಂತ ಕಾಯುತ್ತಾ ಕೂತರೆ ನಾವು ಪಾಸಾಗಿ ಹೋಗಿರ್ತೀವಿ. ಓಪನ್ ಎಲೆಕ್ಟಿವ್ ಆಗಿ ಕೊಡಿ ಅಂತ ಕಾಲೇಜನ್ನು ಕೇಳೋಣ, ಕೇಳ್ತಾನೇ ಇರೋಣ. ಅಷ್ಟರಲ್ಲಿ ನಾವೇ ಶುರು ಮಾಡಬಹುದು. ಓಪನ್‌ಸ್ಟ್ಯಾಕ್ಸ್‌ನ 'ಯು.ಎಸ್. ಹಿಸ್ಟರಿ', ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿ ಪ್ರೆಸ್‌ನ 'ದಿ ಅಮೆರಿಕನ್ ಯಾಪ್' ಎರಡೂ ನೆಟ್‌ನಲ್ಲಿ ಉಚಿತ. ಎರಡನೆಯದರ ಎರಡನೇ ಸಂಪುಟ 1877ರಿಂದ ಈಚೆಗಿನದು, ಹದಿನೈದು ಅಧ್ಯಾಯ. ವಾರಕ್ಕೊಂದರಂತೆ ಓದಿದರೆ ಒಂದು ಸೆಮಿಸ್ಟರ್ ಸಾಕು. ಓದಿದವರು ಒಂದು ಪುಟ ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕೊಡಲಿ, ಜೊತೆಗೆ ಊರಿಗೆ ಹೋದಾಗ ಒಬ್ಬ ಹಿರಿಯರಿಂದ ಉಪ್ಪಿಟ್ಟಿನ ಕಥೆ ಕೇಳಿ ಬರೆದುಕೊಂಡು ಬರಲಿ. ಇಂಟರ್ನಲ್ಸ್ ಇರುವ ವಾರಗಳಿಗೆ ರಜೆ ಕೊಡೋಣ. ಎಂಟು ಹತ್ತು ಜನ ಸೇರಿದರೂ ಸಾಕು. ಬರುವವರು ಸಂಘದ ಯಾರಿಗಾದರೂ ಹೆಸರು ಕೊಡಿ.