ಹತ್ತುವಾಗ ಅಪರಾಧ, ಇಳಿದಾಗ ತವರು

2020ರ ಮಾರ್ಚ್ ತಿಂಗಳಲ್ಲಿ, ಕೋವಿಡ್‌ನಿಂದಾಗಿ ವಿಮಾನಗಳು ಒಂದೊಂದಾಗಿ ನಿಲ್ಲುತ್ತಿದ್ದ ಹೊತ್ತಿಗೆ, ಅಮೆರಿಕದಲ್ಲಿ ಹುಟ್ಟಿದ ಒಂಬತ್ತು ವರ್ಷದ ಹುಡುಗನೊಬ್ಬ ತಾಯಿಯ ಜೊತೆ ಬೆಂಗಳೂರಿಗೆ ಬಂದಿಳಿದ. ತಂದೆಯ ಒಪ್ಪಿಗೆ ಇರಲಿಲ್ಲ. ಅವರು ವಾಷಿಂಗ್ಟನ್ ರಾಜ್ಯದ ಕೋರ್ಟಿನಿಂದ ಆದೇಶ ಪಡೆದರು. ಇಲ್ಲಿ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೈಕೋರ್ಟ್ ಅರ್ಜಿ ವಜಾ ಮಾಡಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಮಗು ಅಮೆರಿಕಕ್ಕೆ ಮರಳಬೇಕು ಎಂದಿತು. ಮಗುವಿಗೆ ಏನು ಇಷ್ಟ ಎನ್ನುವುದು ಬೇರೆ, ಮಗುವಿನ ಹಿತ ಯಾವುದರಲ್ಲಿದೆ ಎನ್ನುವುದು ಬೇರೆ. ಹೈಕೋರ್ಟ್ ಮೊದಲನೆಯದನ್ನು ಎರಡನೆಯದೆಂದು ತಿಳಿಯಿತು ಎನ್ನುವುದು ಅದರ ಆಕ್ಷೇಪ. ಅಷ್ಟು ಹೊತ್ತಿಗೆ ಹುಡುಗನಿಗೆ ಹನ್ನೊಂದು ದಾಟಿತ್ತು. ಬೆಂಗಳೂರಿನಲ್ಲಿ ಅವನು ಎರಡು ವರ್ಷ ಕಳೆದಿದ್ದ.

ಇದಕ್ಕೂ ಮೊದಲು ಇಂಥದೇ ಇನ್ನೊಂದು ಪ್ರಕರಣ ಅದೇ ಹೈಕೋರ್ಟಿಗೆ ಬಂದಿತ್ತು. ನ್ಯೂಜೆರ್ಸಿಯ ದಂಪತಿ, 2016ರಲ್ಲಿ ಹುಟ್ಟಿದ ಮಗು, 2019ರಲ್ಲಿ ತಾಯಿಯೊಂದಿಗೆ ಬೆಂಗಳೂರಿಗೆ. ಆಗ ಹೈಕೋರ್ಟ್ ತಂದೆಯ ಪರವಾಗಿಯೇ ಆದೇಶ ಕೊಟ್ಟಿತು, ಆದರೆ ಕೋವಿಡ್ ಪರಿಸ್ಥಿತಿ ನೋಡಿ ಇಲ್ಲಿನ ಮತ್ತು ಅಲ್ಲಿನ ಆರೋಗ್ಯಾಧಿಕಾರಿಗಳ ಪ್ರಮಾಣಪತ್ರ ತರಬೇಕು ಎಂದಿತು. ಅಮೆರಿಕದ ಯಾವ ಅಧಿಕಾರಿ ಬೆಂಗಳೂರಿನ ಕೋರ್ಟಿಗಾಗಿ ಅಂಥ ಪತ್ರ ಬರೆದುಕೊಡುತ್ತಾನೋ ದೇವರೇ ಬಲ್ಲ. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು.

ಒಂದೇ ಹೈಕೋರ್ಟು, ಹೆಚ್ಚು ಕಡಿಮೆ ಒಂದೇ ಬಗೆಯ ಸಂಗತಿ, ಫಲಿತಾಂಶ ಎರಡು ಬಗೆ. ನ್ಯಾಯಮೂರ್ತಿಗಳನ್ನು ದೂರಿ ಪ್ರಯೋಜನವಿಲ್ಲ. ಗಡಿ ದಾಟಿ ಬಂದ ಮಗುವಿನ ವಿಷಯದಲ್ಲಿ ಏನು ಮಾಡಬೇಕೆಂದು ಹೇಳುವ ಕಾನೂನೇ ಈ ದೇಶದಲ್ಲಿ ಇಲ್ಲ. ಇರುವುದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೆ ಹೋಗಿ ಎನ್ನುತ್ತದೆ ಅದು. ಹಡಗಿನಲ್ಲಿ ಸೀಮೆಗೆ ಹೋಗಿಬರುವ ಕಾಲದ ಶಾಸನಕ್ಕೆ ಸಿಯಾಟಲ್‌ನಿಂದ ದೇವನಹಳ್ಳಿಗೆ ಒಂದು ದಿನದಲ್ಲಿ ಬಂದಿಳಿಯುವ ಮಗುವಿನ ಕಲ್ಪನೆ ಎಲ್ಲಿಂದ ಬರಬೇಕು? 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಲಿ ಎಂದು ಹೇಳಿ, ಉಳಿದದ್ದನ್ನು ಮಗುವಿನ ಹಿತಕ್ಕೆ ಬಿಡುತ್ತದೆ. ಇವೆರಡರ ನಡುವೆ ಸಿಕ್ಕಿದ ಅಪ್ಪನೋ ಅಮ್ಮನೋ ಕೊನೆಗೆ ಹೇಬಿಯಸ್ ಕಾರ್ಪಸ್ ಮೊರೆ ಹೋಗುತ್ತಾರೆ. ಪೊಲೀಸರು ಅಕ್ರಮವಾಗಿ ಕೂಡಿಟ್ಟವರನ್ನು ಬಿಡಿಸಲು ಬಳಸುವ ರಿಟ್ ಅದು. ಈಗ ಅದರಲ್ಲಿ ಪ್ರತಿವಾದಿಗಳು ಜಯನಗರದ ಅಜ್ಜ, ಅಜ್ಜಿ. ಮೊಮ್ಮಗು ಹುಟ್ಟಿದಾಗ ಬಾಣಂತನಕ್ಕೆಂದು ಆರು ತಿಂಗಳ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಮೆಂತ್ಯದ ಉಂಡೆ ಕಟ್ಟಿಕೊಟ್ಟು ಬಂದ ಹೆಂಗಸಿಗೆ, ಅದೇ ಮಗುವನ್ನು ಅಕ್ರಮ ಬಂಧನದಲ್ಲಿ ಇಟ್ಟುಕೊಂಡ ಆರೋಪದ ನೋಟಿಸು.

ಅಮೆರಿಕದಲ್ಲಿ 1993ರ ಕಾನೂನಿನ ಪ್ರಕಾರ ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿ ಮಾಡುವ ಉದ್ದೇಶದಿಂದ ಮಗುವನ್ನು ದೇಶದಿಂದ ಹೊರಗೆ ಒಯ್ದರೆ ಮೂರು ವರ್ಷದವರೆಗೆ ಜೈಲು. ನಮ್ಮಲ್ಲಿ ಹೆತ್ತವರು ತಮ್ಮ ಮಗುವನ್ನು ತಾವೇ ಕರೆದುಕೊಂಡು ಬಂದರೆ, ಯಾವುದೇ ಕೋರ್ಟಿನ ಅಡ್ಡಿ ಆದೇಶ ಇಲ್ಲದಿದ್ದಾಗ, ಅದನ್ನು ಅಪಹರಣ ಎಂದು ಪೊಲೀಸ್ ಠಾಣೆ ನೋಡುವುದೇ ಇಲ್ಲ. ಒಂದೇ ವಿಮಾನ ಪ್ರಯಾಣ. ಹತ್ತಿದ ಕಡೆ ಅಪರಾಧ, ಇಳಿದ ಕಡೆ ತವರಿಗೆ ಬಂದ ಮಗಳು.

ಈ ಬಿರುಕನ್ನು ಮುಚ್ಚಲೆಂದೇ ಹುಟ್ಟಿದ್ದು 1980ರ ಹೇಗ್ ಒಪ್ಪಂದ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಶ್ರೀಲಂಕಾ ಇದೆ, ಪಾಕಿಸ್ತಾನ ಇದೆ, ಬಹಳ ಕಾಲ ಹಟ ಹಿಡಿದಿದ್ದ ಜಪಾನ್ ಕೂಡ 2014ರಲ್ಲಿ ಸೇರಿತು. ಭಾರತ ಇಲ್ಲ. ಅಪ್ಪ ಒಳ್ಳೆಯವನೋ ಅಮ್ಮ ಒಳ್ಳೆಯವಳೋ ಎಂದು ಈ ಒಪ್ಪಂದ ತೀರ್ಮಾನಿಸುವುದಿಲ್ಲ. ಅದನ್ನು ಯಾವ ದೇಶದ ಕೋರ್ಟು ತೀರ್ಮಾನಿಸಬೇಕು ಎಂದಷ್ಟೇ ಹೇಳುತ್ತದೆ. ಹದಿನಾರು ತುಂಬದ ಮಗುವನ್ನು ಅದು ವಾಡಿಕೆಯಾಗಿ ಬದುಕುತ್ತಿದ್ದ ದೇಶದಿಂದ ತಪ್ಪಾಗಿ ಒಯ್ದಿದ್ದರೆ, ಆ ದೇಶಕ್ಕೆ ಬೇಗ ವಾಪಸು ಕಳುಹಿಸಬೇಕು, ಜಗಳ ಅಲ್ಲಿ ನಡೆಯಲಿ. ಆರು ವಾರದಲ್ಲಿ ತೀರ್ಮಾನ ಆಗಬೇಕೆಂಬುದು ಆಶಯ. ಮಗು ಬಂದು ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ, ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದೆಯೇ ಎಂದು ಕೋರ್ಟ್ ನೋಡಬಹುದು. ವಾಪಸು ಹೋದರೆ ಮಗುವಿಗೆ ಗಂಭೀರ ಅಪಾಯವಿದ್ದರೆ ಕಳುಹಿಸದೆಯೂ ಇರಬಹುದು.

ಭಾರತ ಈ ಒಪ್ಪಂದದ ಬಾಗಿಲವರೆಗೆ ಹೋಗಿ ಮರಳಿದ ಕಥೆ ಸಣ್ಣದಲ್ಲ. 2009ರಲ್ಲಿ ಕಾನೂನು ಆಯೋಗ ತನ್ನ 218ನೇ ವರದಿಯಲ್ಲಿ ಸೇರಿಕೊಳ್ಳಿ ಎಂದಿತು. 2016ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಸೂದೆಯ ಕರಡು ಹೊರಡಿಸಿತು. ಅದೇ ವರ್ಷ ಕಾನೂನು ಆಯೋಗ 263ನೇ ವರದಿಯಲ್ಲಿ ಕರಡನ್ನು ತಿದ್ದಿ ಕೊಟ್ಟಿತು. ಗಂಡನ ಹಿಂಸೆಯಿಂದ ತಪ್ಪಿಸಿಕೊಂಡು ಬರುವ ಹೆಣ್ಣುಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತದೆ ಎಂಬ ಕೂಗು ಎದ್ದಿತು, ಸರ್ಕಾರ ಹಿಂದೆ ಸರಿಯಿತು. ನ್ಯಾಯಮೂರ್ತಿ ರಾಜೇಶ್ ಬಿಂದಲ್ ಅವರ ನೇತೃತ್ವದ ಸಮಿತಿ 2018ರಲ್ಲಿ ವರದಿ ಕೊಟ್ಟು, ಇಂಥ ವ್ಯಾಜ್ಯಗಳಿಗೇ ಒಂದು ಪ್ರತ್ಯೇಕ ಪ್ರಾಧಿಕಾರ ಬೇಕು ಎಂದಿತು. ಅಲ್ಲಿಗೆ ನಿಂತಿತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವಾರ್ಷಿಕ ವರದಿಗಳಲ್ಲಿ ಭಾರತವನ್ನು ಸಹಕರಿಸದ ದೇಶಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಸೇರಿಸುತ್ತ ಬಂದಿದೆ. ಆ ಪಟ್ಟಿಗೆ ಅಂಜಿ ನಾವು ಕಾನೂನು ಮಾಡಬೇಕಿಲ್ಲ. ಮಾಡಬೇಕಾದ ಕಾರಣಗಳು ನಮ್ಮ ಮನೆಯೊಳಗೇ ಇವೆ.

ಹೆಣ್ಣುಮಕ್ಕಳ ಬಗೆಗಿನ ಆತಂಕ ಸುಳ್ಳಲ್ಲ. ಡಿಪೆಂಡೆಂಟ್ ವೀಸಾದಲ್ಲಿ ಹೋದ ಹುಡುಗಿಯನ್ನು ನೆನೆಯಿರಿ. ಇಲ್ಲಿ ಎಂಜಿನಿಯರಿಂಗ್ ಓದಿ ಕೆಲಸದಲ್ಲಿದ್ದವಳು ಅಲ್ಲಿ ಎಚ್-4 ವೀಸಾದ ಮೇಲೆ ಮನೆಯಲ್ಲಿ ಕೂರುತ್ತಾಳೆ. 2015ರಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಿದ ಮೇಲೆ. ಬ್ಯಾಂಕ್ ಖಾತೆ ಅವನದು, ಬಾಡಿಗೆ ಕರಾರು ಅವನದು. ಮಗು ಮಾತ್ರ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ವಿಚ್ಛೇದನವಾದ ದಿನ ಅವಳ ವೀಸಾದ ಆಧಾರ ಕಳಚುತ್ತದೆ. ಅಲ್ಲಿನ ಕೋರ್ಟು ಒಳ್ಳೆಯ ಮನಸ್ಸಿನಿಂದಲೇ ಜಂಟಿ ಕಸ್ಟಡಿ ಕೊಟ್ಟು, ಅನುಮತಿ ಇಲ್ಲದೆ ಮಗುವನ್ನು ರಾಜ್ಯದ ಆಚೆ ಒಯ್ಯಬಾರದು ಎನ್ನಬಹುದು. ಮಗುವನ್ನು ಬಿಟ್ಟು ಊರಿಗೆ ಬರಬೇಕು, ಇಲ್ಲವೇ ವೀಸಾ ಇಲ್ಲದೆ, ಸಂಪಾದನೆ ಇಲ್ಲದೆ, ವಕೀಲರ ಗಂಟೆಯ ಫೀಸು ಕೇಳಿಯೇ ತಲೆ ತಿರುಗುವ ದೇಶದಲ್ಲಿ ಇರಬೇಕು. ಅವಳು ಮಗುವನ್ನು ಎತ್ತಿಕೊಂಡು ವಿಮಾನ ಹತ್ತಿದರೆ ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಒಪ್ಪಂದವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಇವಳಲ್ಲ. ಕೇಸು ಸೋತ ಸಿಟ್ಟಿಗೆ ಮಗುವನ್ನು ಕದ್ದೊಯ್ಯುವ ಅಪ್ಪ ಅವರ ಕಲ್ಪನೆಯಲ್ಲಿದ್ದ. ಆದರೆ ಒಪ್ಪಂದದಡಿ 2015ರಲ್ಲಿ ಬಂದ ಅರ್ಜಿಗಳನ್ನು ಕುರಿತು, ಅದನ್ನು ನೋಡಿಕೊಳ್ಳುವ ಹೇಗ್ ಸಂಸ್ಥೆಗಾಗಿ ನಡೆದ ಅಧ್ಯಯನದಲ್ಲಿ, ಮಗುವನ್ನು ಒಯ್ದವರಲ್ಲಿ ಶೇ 73ರಷ್ಟು ತಾಯಂದಿರೇ. ಆರು ವಾರ ಎಂದಿದ್ದ ತೀರ್ಮಾನಕ್ಕೆ ಸರಾಸರಿ 164 ದಿನ ಹಿಡಿದಿತ್ತು. ಒಪ್ಪಂದವೊಂದಕ್ಕೆ ಸಹಿ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಹಾಗಾದರೆ ಸಹಿ ಹಾಕದೇ ಇರುವುದು ಅವಳನ್ನು ಕಾಪಾಡಿತೇ? ನನ್ನ ತಕರಾರು ಶುರುವಾಗುವುದು ಇಲ್ಲಿ. ಸುಪ್ರೀಂ ಕೋರ್ಟಿನ ನಲವತ್ತು ವರ್ಷಗಳ ತೀರ್ಪುಗಳನ್ನು ಸಾಲಾಗಿ ಓದಿದರೆ ತಾಯಿಗೆ ಖಚಿತವಾದ ರಕ್ಷಣೆ ಎಲ್ಲೂ ಕಾಣುವುದಿಲ್ಲ. 1984ರಲ್ಲಿ ಇಂಗ್ಲೆಂಡಿನ ಮಗು ವಾಪಸು ಹೋಯಿತು. 1980ರ ದಶಕದಲ್ಲೇ ಮಿಷಿಗನ್‌ನಿಂದ ತಂದೆ ಕದ್ದು ತಂದ ಮಗುವನ್ನು ಕೋರ್ಟ್ ತಾಯಿಗೆ ಒಪ್ಪಿಸಿ ಕಳುಹಿಸಿತು. 1997ರಲ್ಲಿ, ಮೂವತ್ತೈದು ದಿನದ ಕೂಸಾಗಿದ್ದಾಗ ತಾಯಿ ತಂದ ಹುಡುಗ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲೇ ಬೆಳೆದಿದ್ದಾನೆ, ಈಗ ಕೀಳಬಾರದು ಎಂದಿತು. 2015ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಮೊದಲು ಆದೇಶ ಕೊಟ್ಟ ವಿದೇಶಿ ಕೋರ್ಟಿಗೆ ಮರ್ಯಾದೆ ಕೊಡಬೇಕು ಎಂದರೆ, 2017ರಲ್ಲಿ ಮೂವರ ಪೀಠ ಅದನ್ನು ಒಪ್ಪದೆ, ವಿದೇಶಿ ಆದೇಶ ಹಲವು ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ಮುಖ್ಯ ಎಂದಿತು. 2019, 2020, 2022ರಲ್ಲಿ ಮತ್ತೆ ಮಕ್ಕಳನ್ನು ವಾಪಸು ಕಳುಹಿಸುವ ಆದೇಶಗಳು ಬಂದವು. ಮಗುವಿನ ಹಿತ ಎನ್ನುವ ಮಾತನ್ನು ಯಾರೂ ಅಲ್ಲಗಳೆಯಲಾರರು, ಅದಕ್ಕೇ ಅದು ಯಾರಿಗೂ ದಾರಿ ತೋರಿಸುವುದಿಲ್ಲ. ವಕೀಲರ ಬಳಿ ಹೋದ ತಾಯಿಗೆ ಸಿಗುವ ಪ್ರಾಮಾಣಿಕ ಉತ್ತರ ಒಂದೇ: ನೋಡೋಣಮ್ಮ, ಪೀಠ ಯಾವುದು ಬರುತ್ತೋ.

ಇದರಲ್ಲಿ ಗೆಲ್ಲುವುದು ವಾಯಿದೆ. ಮಗು ಇಲ್ಲಿ ಎಷ್ಟು ಕಾಲ ಇದ್ದರೆ ಅಷ್ಟು ಬೇರು ಬಿಡುತ್ತದೆ. ಬೇರು ಬಿಟ್ಟಷ್ಟೂ ಕಳುಹಿಸಲು ನ್ಯಾಯಾಧೀಶರ ಕೈ ನಡುಗುತ್ತದೆ. ಇದು ಎರಡೂ ಕಡೆಯ ವಕೀಲರಿಗೆ ಗೊತ್ತು. ಒಬ್ಬರು ಮುಂದೂಡುತ್ತಾರೆ, ಇನ್ನೊಬ್ಬರು ತುರ್ತು ಎನ್ನುತ್ತಾರೆ. ನಡುವೆ ಮಗು ಶಾಲೆ ಬದಲಿಸಿ, ಕನ್ನಡ ಕಲಿತು, ಅಪ್ಪನನ್ನು ಫೋನಿನ ಪರದೆಯಲ್ಲಿ ಮಾತ್ರ ನೋಡುತ್ತ, ಕೊನೆಗೆ ಆ ಕರೆಯನ್ನೂ ಎತ್ತಲು ಬೇಸರಪಡುವ ಹಂತಕ್ಕೆ ಬರುತ್ತದೆ. ಆಮೇಲೆ ಬರುವ ತೀರ್ಪು, ಯಾವ ಕಡೆಗಿದ್ದರೂ, ಮಗುವನ್ನು ಎರಡನೇ ಬಾರಿ ಕಿತ್ತು ನೆಡುವುದೇ ಆಗಿರುತ್ತದೆ.

ಇನ್ನೊಬ್ಬ ತಾಯಿಯ ಮಾತು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಮಗು ಭಾರತದಿಂದ ಹೊರಗೆ ಹೋದ ತಾಯಿ. ರಜೆಗೆಂದು ಕರೆತಂದು, ಅವಳನ್ನು ಅತ್ತೆ ಮನೆಯಲ್ಲಿ ಬಿಟ್ಟು, ಪಾಸ್‌ಪೋರ್ಟ್ ತೆಗೆದುಕೊಂಡು, ಮಗುವಿನೊಂದಿಗೆ ಹಾರಿಹೋಗುವ ಗಂಡಂದಿರು ಇಲ್ಲವೇ? ಅವಳಿಗೆ ವಿದೇಶದಲ್ಲಿ ಕೇಳುವವರು ಯಾರು? ಒಪ್ಪಂದವಿದ್ದರೆ ದೆಹಲಿಯ ಒಂದು ಕಚೇರಿಗೆ ಅರ್ಜಿ ಕೊಟ್ಟರೆ ಅಲ್ಲಿನ ಸರ್ಕಾರದ ಕಚೇರಿ ಕೆಲಸ ಶುರುಮಾಡಬೇಕು. ಇಲ್ಲದಿದ್ದರೆ ಅವಳೇ ಡಾಲರಿನಲ್ಲೋ ಪೌಂಡಿನಲ್ಲೋ ವಕೀಲರನ್ನು ಹಿಡಿಯಬೇಕು.

ದೆಹಲಿಯ ತಾಯಿ ಮತ್ತು ಕೀನ್ಯಾದ ತಂದೆಯ ನಡುವಿನ ಪ್ರಕರಣ ನಮ್ಮ ಸುಪ್ರೀಂ ಕೋರ್ಟಿಗೇ ಪಾಠ ಕಲಿಸಿತು. 2020ರ ಅಕ್ಟೋಬರಿನಲ್ಲಿ ಕೋರ್ಟ್ ಮಗನನ್ನು ತಂದೆಗೆ ಒಪ್ಪಿಸಿತು. ತನ್ನ ಆದೇಶವನ್ನು ನೈರೋಬಿಯ ಕೋರ್ಟಿನಲ್ಲೂ ದಾಖಲಿಸಿ, ಅಲ್ಲಿಂದಲೂ ಅಂಥದೇ ಆದೇಶ ತರಬೇಕು, ತಾಯಿಗೆ ಮಗನನ್ನು ನೋಡಲು ಬಿಡಬೇಕು ಎಂಬ ಷರತ್ತು ಹಾಕಿತ್ತು. ಮಗು ಅತ್ತ ಹೋಯಿತು. ಕೆಲವೇ ತಿಂಗಳಲ್ಲಿ ತಂದೆ, ಭಾರತದ ಕೋರ್ಟಿಗೆ ಈ ವಿಷಯದಲ್ಲಿ ಅಧಿಕಾರವೇ ಇಲ್ಲ ಎಂದು ಕೀನ್ಯಾದ ಕೋರ್ಟಿನಿಂದ ಹೇಳಿಸಿದರು. 2021ರಲ್ಲಿ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನೇ ಹಿಂಪಡೆಯಿತು, ಕ್ರಮ ಕೈಗೊಳ್ಳಲು ಸಿಬಿಐಗೆ ಹೇಳಿತು, 2022ರಲ್ಲಿ ಆ ತಂದೆಗೆ ನ್ಯಾಯಾಂಗ ನಿಂದನೆಗಾಗಿ ಆರು ತಿಂಗಳ ಸಜೆ ವಿಧಿಸಿತು. ಸಜೆ ದೆಹಲಿಯ ಕಡತದಲ್ಲಿ, ಅಪ್ಪ ಮಗ ಸಾಗರದಾಚೆ. ದೇಶದ ಅತ್ಯುನ್ನತ ನ್ಯಾಯಾಲಯದ ಷರತ್ತಿಗೇ ಗಡಿಯಾಚೆ ಇಷ್ಟು ಬೆಲೆ ಎಂದ ಮೇಲೆ, ತಂದೆ ಟಿಕೆಟ್ ಕೊಡಬೇಕು, ಮನೆ ಮಾಡಿಕೊಡಬೇಕು, ತಾಯಿಯ ಮೇಲಿನ ಪೊಲೀಸ್ ದೂರು ಮುಂದುವರಿಸಬಾರದು ಎಂದು ವಾಪಸಾತಿ ಆದೇಶಗಳಲ್ಲಿ ನಮ್ಮ ಕೋರ್ಟುಗಳು ಬರೆಯುವ ಸಾಲುಗಳಿಗೆ ಅಲ್ಲಿ ಏನು ಬಲವಿದೆ?

ಆದ್ದರಿಂದ ನಾನು ಒಪ್ಪಂದಕ್ಕೆ ಸೇರಬೇಕು ಎನ್ನುವವರ ಪಕ್ಷ, ಆದರೆ ಕಣ್ಣು ಮುಚ್ಚಿಕೊಂಡಲ್ಲ. 1980ರ ಪಠ್ಯಕ್ಕೆ ಸೇರಿದವರೆಲ್ಲ ಅದನ್ನು ಒಂದೇ ರೀತಿ ಓದುತ್ತಿಲ್ಲ. ಜಪಾನ್ ತನ್ನ ಜಾರಿ ಕಾನೂನಿನಲ್ಲೇ, ಮರಳಿದರೆ ತಾಯಿಗೆ ಹಿಂಸೆಯಾಗಿ ಮಗುವಿನ ಮನಸ್ಸಿಗೆ ಪೆಟ್ಟು ಬೀಳುವ ಸಂಭವವಿದೆಯೇ ಎಂದು ನೋಡಬೇಕು ಎಂದು ಬರೆದುಕೊಂಡಿತು. ಆಸ್ಟ್ರೇಲಿಯಾ 2022ರ ಕೊನೆಯಲ್ಲಿ ಕೌಟುಂಬಿಕ ಹಿಂಸೆಯ ವಿಚಾರವನ್ನು ತನ್ನ ನಿಯಮಗಳಿಗೆ ಸೇರಿಸಿತು. ಅಮೆರಿಕದ ಸುಪ್ರೀಂ ಕೋರ್ಟೇ ಅದೇ ವರ್ಷ, ಗಂಭೀರ ಅಪಾಯ ಸಾಬೀತಾದ ಮೇಲೆ ಹೇಗಾದರೂ ಮಾಡಿ ಮಗುವನ್ನು ಕಳುಹಿಸಲು ದಾರಿ ಹುಡುಕುವ ಕಟ್ಟುಪಾಡು ಕೆಳಗಿನ ಕೋರ್ಟುಗಳಿಗಿಲ್ಲ ಎಂದಿತು. ಭಾರತ ಈಗ ಸೇರುವುದಾದರೆ ಇಷ್ಟೆಲ್ಲ ಪಾಠ ಕಲಿತ ಒಪ್ಪಂದಕ್ಕೆ ಸೇರುತ್ತದೆ. ನಮ್ಮ ಕಾನೂನಿನಲ್ಲಿ ಹಿಂಸೆಯ ರಕ್ಷಣೆಯನ್ನು ಇನ್ನಷ್ಟು ಬಿಗಿಯಾಗಿ ಬರೆಯಬಹುದು.

ಸಂಸತ್ತು ಏಳುವವರೆಗೆ ಕಾಯಬೇಕಾಗಿಯೂ ಇಲ್ಲ. ಇಂಥ ಅರ್ಜಿಗಳು ಗೊತ್ತಾದ ಒಂದೇ ಪೀಠದ ಮುಂದೆ ಬರಲಿ, ಆರು ವಾರದ ಲೆಕ್ಕ ಮೊದಲ ದಿನದಿಂದ ಶುರುವಾಗಲಿ ಎಂದು ಹೈಕೋರ್ಟ್ ತಾನೇ ಏರ್ಪಾಡು ಮಾಡಬಹುದು. ಬೆಂಗಳೂರಿನ ಮಧ್ಯಸ್ಥಿಕಾ ಕೇಂದ್ರ 2007ರಿಂದ ಗಂಡ ಹೆಂಡಿರ ಸಾವಿರಾರು ಜಗಳಗಳನ್ನು ಕೇಳಿದೆ. ಅಮೆರಿಕದ ಬೆಳಗು ಇಲ್ಲಿನ ಸಂಜೆ ಆಗುವ ಹೊತ್ತಿಗೆ ವಿಡಿಯೊ ಕರೆಯಲ್ಲಿ ಕೂರಲು ಅಲ್ಲಿ ಜಾಗವೂ ಇದೆ, ಜನವೂ ಇದ್ದಾರೆ.

ಸರ್ಕಾರ ಮಾತ್ರ ಮಾಡಬಹುದಾದ ಕೆಲಸ ಬೇರೆ ಇದೆ. ಮಗು ವಾಪಸು ಬರಬೇಕು ಎನ್ನುವ ದೇಶವು ಅದರ ತಾಯಿಗೂ ಕೇಸು ಮುಗಿಯುವವರೆಗೆ ಇರಲು ಮತ್ತು ದುಡಿಯಲು ವೀಸಾ ಕೊಡಲಿ, ಅವಳ ಮೇಲಿನ ವಾರಂಟು ಅವಳು ವಿಮಾನ ಇಳಿಯುವ ಮೊದಲೇ ರದ್ದಾಗಲಿ, ನಮ್ಮ ಕೋರ್ಟು ಹಾಕಿದ ಷರತ್ತು ಅಲ್ಲಿನ ಕೋರ್ಟಿನಲ್ಲಿ ನೋಂದಣಿಯಾದ ಮೇಲೆಯೇ ಮಗು ಹೊರಡಲಿ. ಬ್ರಿಟನ್ ಮತ್ತು ಪಾಕಿಸ್ತಾನ 2003ರಲ್ಲೇ ನ್ಯಾಯಾಧೀಶರ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿ ತಮ್ಮದೇ ಒಡಂಬಡಿಕೆ ಮಾಡಿಕೊಂಡಿದ್ದವು, ಪಾಕಿಸ್ತಾನ ಹೇಗ್ ಒಪ್ಪಂದ ಸೇರುವ ಎಷ್ಟೋ ಮೊದಲು. ಎಚ್-1ಬಿ ವೀಸಾದ ಸಂಖ್ಯೆ, ಶುಲ್ಕ, ಗ್ರೀನ್ ಕಾರ್ಡಿನ ಸರದಿ ಎಂದು ನಮ್ಮವರು ವಾಷಿಂಗ್ಟನ್ನಿನಲ್ಲಿ ಚೌಕಾಸಿಗೆ ಕೂರುವಾಗ, ಆ ವೀಸಾ ಹೊತ್ತವರ ಹೆಂಡಿರು ಮಕ್ಕಳಿಗಾಗಿ ಈ ಮೂರು ಷರತ್ತುಗಳೂ ಅದೇ ಕಡತದಲ್ಲಿ ಇರಬೇಕು.