ಕಡಲ ಬದಿಯ ರಜೆ: ರೂಮಿಗಿಂತ ಮೊದಲು ಊಟದ ಜಾಗ ನೋಡೋಣ

ಶಾಲೆ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ರಿಸಾರ್ಟ್‌ಗಳ ಫೋಟೊ ಓಡಾಡಲು ಶುರುವಾಗುತ್ತದೆ. ಬೇಕಲ, ಮುರ್ಡೇಶ್ವರ, ಕಣ್ಣೂರು, ಕಲ್ಲಿಕೋಟೆ. ಗಲ್ಫಿನಿಂದ ಮಗನೋ ಅಳಿಯನೋ ಬಂದಿದ್ದರೆ ಕೇಳುವುದೇ ಬೇಡ, ಮೂರು ಕಾರು, ಹದಿನೈದು ಜನ, ಎರಡು ರಾತ್ರಿ. ಚರ್ಚೆಯೆಲ್ಲ ಈಜುಕೊಳ ಇದೆಯಾ, ಕಿಟಕಿಯಿಂದ ಕಡಲು ಕಾಣುತ್ತದಾ ಎಂಬುದರ ಮೇಲೆಯೇ. ಊಟ ಎಲ್ಲಿ ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಎರಡೇ: "ಪ್ಯಾಕೇಜಿನಲ್ಲಿ ಇದೆಯಲ್ಲ", ಇಲ್ಲವೇ "ಮನೆಯಿಂದಲೇ ಮಾಡಿಕೊಂಡು ಹೋಗುವ".

ಈ ಎರಡನೇ ಉತ್ತರದ ಬಗ್ಗೆ ಸ್ವಲ್ಪ ಬಿಡಿಸಿ ಮಾತಾಡಬೇಕು. ಮನೆಯಿಂದಲೇ ಅಂದರೆ ಮಾಡುವವರು ಯಾರು? ಸುಬಹಿ ಬಾಂಗಿಗೆ ಮೊದಲೇ ಎದ್ದು ಈರುಳ್ಳಿ ಕೊಯ್ದು, ಬಿರಿಯಾನಿಗೆ ದಮ್ ಹಾಕಿ, ಹಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿ ಇಡುವವರು ನಮ್ಮ ಉಮ್ಮಂದಿರು, ಹೆಂಡತಿಯರು, ಸೊಸೆಯಂದಿರು. ಅಲ್ಲಿ ತಲುಪಿದ ಮೇಲೆ ಗಂಡಸರು, ಮಕ್ಕಳು ನೀರಿಗೆ ಇಳಿಯುತ್ತಾರೆ. ಇವರು ಚಾಪೆ ಹಾಸಿ ಬಡಿಸುತ್ತಾರೆ. ಆಮೇಲೆ ರೂಮಿನ ಬಾತ್‌ರೂಮಿನಲ್ಲಿ ಪಾತ್ರೆ ತೊಳೆಯುತ್ತಾರೆ. ಅಡುಗೆಮನೆಯನ್ನೇ ಎತ್ತಿ ಕಡಲ ಬದಿಗೆ ಇಟ್ಟ ಹಾಗಾಯಿತು. ರಜೆ ಯಾರಿಗೆ ಸಿಕ್ಕಿತು? ವರ್ಷದ ಮುನ್ನೂರ ಅರವತ್ತೈದು ದಿನ, ರಮಝಾನಿನಲ್ಲಂತೂ ಇಫ್ತಾರಿಗೂ ಅತ್ತಾಳಕ್ಕೂ ಒಲೆ ಮುಂದೆ ನಿಲ್ಲುವವರಿಗೆ ಎರಡು ದಿನ ಬೇರೆಯವರು ಮಾಡಿದ್ದನ್ನು ಕೂತು ತಿನ್ನುವ ಅವಕಾಶ ನಾವು ಕೊಡದಿದ್ದರೆ ಹೇಗೆ?

ಹದಿನೈದು ಜನರಿಗೆ ಹೋಟೆಲ್ ಬಿಲ್ಲು ಕೊಡುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ, ಅದೂ ನಿಜ. ನಮ್ಮಂಥ ಮದ್ರಸದ ಸಂಬಳದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಾರಿಗೆ ಬೇಕಾದ ತಿಂಡಿ, ಮಕ್ಕಳಿಗೆ ಹಣ್ಣು, ನೀರು ಮನೆಯಿಂದಲೇ ಇರಲಿ. ದಿನಕ್ಕೆ ಒಂದು ಊಟವಾದರೂ ಹೊರಗೆ ಚೆನ್ನಾಗಿ ಆಗಲಿ. ಮೂರು ರಾತ್ರಿಯ ಬದಲು ಎರಡು ರಾತ್ರಿ ನಿಂತರೆ ಆ ಹಣ ಹುಟ್ಟುತ್ತದೆ.

ಇನ್ನು ಪ್ಯಾಕೇಜಿನ ಬಫೆ. ಬೇಕಲದಲ್ಲಿ ತಿಂದರೂ ಗೋವಾದಲ್ಲಿ ತಿಂದರೂ ಅದೇ ನೂಡಲ್ಸ್, ಅದೇ ಪನೀರ್, ಅದೇ ಗೋಬಿ ಮಂಚೂರಿ. ಮಕ್ಕಳು ತಟ್ಟೆ ತುಂಬ ಹಾಕಿಕೊಂಡು ಅರ್ಧ ಬಿಟ್ಟು ಏಳುತ್ತಾರೆ. ಇಸ್ರಾಫಿನ ಪಾಠ ಮಾಡುವ ನಮಗೆ ಅದನ್ನು ನೋಡುವಾಗ ಸಂಕಟವಾಗುತ್ತದೆ. ಬಹಳ ಕಡೆ ಊಟದ ಹಾಲಿಗೆ ತಾಗಿಯೇ ಬಾರ್ ಇರುತ್ತದೆ. ತೆರಿಗೆಯ ಲೆಕ್ಕ ಬೇರೆ ಇದೆ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಊಟಕ್ಕೆ ಶೇ.18 ಜಿಎಸ್‌ಟಿ, ಹೊರಗಿನ ಸಾಮಾನ್ಯ ಹೋಟೆಲಿನಲ್ಲಿ ಶೇ.5. ಆದ್ದರಿಂದ ಬೆಳಗ್ಗಿನ ತಿಂಡಿ ಮಾತ್ರ ಸೇರಿರುವ ರೂಮು ತೆಗೆದುಕೊಂಡು, ಮಧ್ಯಾಹ್ನ, ರಾತ್ರಿಗೆ ಊರಿನೊಳಗೆ ಹೋಗುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಊರೆಂದರೆ ಎಂಥ ಊರುಗಳು! ಮುರ್ಡೇಶ್ವರದಲ್ಲಿ ತಂಗುವವರು ಅರ್ಧ ಗಂಟೆ ಕಾರು ಓಡಿಸಿದರೆ ಭಟ್ಕಳ. ನವಾಯತರ ಭಟ್ಕಳಿ ಬಿರಿಯಾನಿಯಲ್ಲಿ ಈರುಳ್ಳಿ ಮಸಾಲೆಯದ್ದೇ ಕಾರುಬಾರು, ನಮ್ಮ ಮನೆಯ ಬಿರಿಯಾನಿಗಿಂತ ರುಚಿಯೇ ಬೇರೆ. ಕಣ್ಣೂರಿನ ಕಡೆ ಹೋಗುವವರಿಗೆ ಮುಳಪ್ಪಿಲಂಗಾಡ್ ಕಡಲತೀರವಿದೆ, ನಾಲ್ಕು ಕಿಲೋಮೀಟರಿನಷ್ಟು ಮರಳಿನ ಮೇಲೆಯೇ ಕಾರು ಓಡಿಸಬಹುದು. ಅಲ್ಲಿಂದ ತಲಶ್ಶೇರಿ ಹತ್ತಿರ. ಅಲ್ಲಿಯ ಬಿರಿಯಾನಿಗೆ ಉದ್ದ ಬಾಸ್ಮತಿ ಅಲ್ಲ, ಕೈಮ ಎಂಬ ಸಣ್ಣ ಪರಿಮಳದ ಅಕ್ಕಿ. ನಮ್ಮ ನೀಲಿಕಲ್ಲನ್ನು ಅವರು ಕಲ್ಲುಮ್ಮಕ್ಕಾಯ್ ಅನ್ನುತ್ತಾರೆ. ಚಿಪ್ಪಿನೊಳಗೆ ಅಕ್ಕಿ, ತೆಂಗಿನಕಾಯಿಯ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸಿ, ಮಸಾಲೆ ಹಚ್ಚಿ ಕರಿಯುತ್ತಾರೆ. ಇದನ್ನು ಬಿಸಿಬಿಸಿ ತಿಂದ ನಮ್ಮ ಹೆಂಗಸರು "ಇದಕ್ಕೆ ಏನು ಹಾಕಿದ್ದಾರೆ?" ಎಂದು ತಮ್ಮತಮ್ಮಲ್ಲೇ ಚರ್ಚೆಗೆ ಇಳಿಯದಿದ್ದರೆ ಕೇಳಿ.

ಕಲ್ಲಿಕೋಟೆ ಮಂಗಳೂರಿನಿಂದ ರೈಲಿನಲ್ಲಿ ಸುಮಾರು 220 ಕಿಲೋಮೀಟರ್. ಅಲ್ಲಿ ಕಣ್ಣೂರು ರಸ್ತೆಯ ಪ್ಯಾರಗಾನ್ ಹೋಟೆಲ್ 1939ರಿಂದ ನಡೆಯುತ್ತಿದೆ. ಜನ ಸಾಲು ನಿಂತು ಕಾಯುತ್ತಾರೆ. ಕಾಯಲು ಮನಸ್ಸಿಲ್ಲದವರು ಬೇಸರಪಡಬೇಕಾಗಿಲ್ಲ, ಆ ಊರಿನಲ್ಲಿ ಒಳ್ಳೆಯ ದಮ್ ಬಿರಿಯಾನಿ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ. ಸಂಜೆ ಕಡಲ ಬದಿಯಲ್ಲಿ ಉಪ್ಪುನೀರಿನಲ್ಲಿ ಹಾಕಿದ ಮಾವು, ನೆಲ್ಲಿಕಾಯಿ, ಅನಾನಸು. ಬರುವಾಗ ಮಿಠಾಯಿ ತೆರುವಿನ ಹಲ್ವ. 2012ರಲ್ಲಿ ಬಂದ 'ಉಸ್ತಾದ್ ಹೋಟೆಲ್' ಎಂಬ ಮಲಯಾಳ ಸಿನಿಮಾದಲ್ಲಿ ಇದೇ ಕಡಲ ಬದಿಯಲ್ಲಿ ಅಜ್ಜನೊಬ್ಬ ಸಣ್ಣ ಹೋಟೆಲು ಇಟ್ಟುಕೊಂಡಿರುತ್ತಾನೆ, ಪಕ್ಕದಲ್ಲೇ ದೊಡ್ಡ ಸ್ಟಾರ್ ಹೋಟೆಲು. (ಉಸ್ತಾದರು ಸಿನಿಮಾದ ಮಾತಾಡುತ್ತಾರೆ ಎಂದು ಹುಬ್ಬೇರಿಸಬೇಡಿ, ನಮ್ಮ ವಿದ್ಯಾರ್ಥಿಗಳೇ ಕಥೆ ಹೇಳಿದ್ದು.) ಜನರ ಪ್ರೀತಿ ಯಾವ ಹೋಟೆಲಿಗೆ ಎಂದು ಬೇರೆ ಹೇಳಬೇಕೆ?

ಒಳ್ಳೆಯ ಜಾಗ ಗೊತ್ತಾಗುವುದು ಹೇಗೆ? ಫೋನಿನಲ್ಲಿ ಕಾಣುವ ನಕ್ಷತ್ರಗಳ ಮೇಲೆ ನಮಗೆ ಅಷ್ಟು ನಂಬಿಕೆ ಇಲ್ಲ. ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಜಗಲಿಯಲ್ಲಿ ಕೂತ ಹಿರಿಯರನ್ನು ಕೇಳಿ, ಆಟೋದವರನ್ನು ಕೇಳಿ. ನಮ್ಮ ಕಡೆಯ ಉಸ್ತಾದರಲ್ಲಿ ಕೇರಳದ ದರ್ಸ್‌ಗಳಲ್ಲಿ ಕಲಿತವರು ತುಂಬ ಮಂದಿ. ಹೊರಡುವ ಮೊದಲು ಅವರಿಗೊಂದು ಫೋನು ಮಾಡಿದರೆ ಯಾವ ಬೀದಿಯಲ್ಲಿ ಏನು ರುಚಿ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಹಲಾಲಾ ಎಂದು ಕೇಳಲು ನಾಚಿಕೆ ಬೇಡ, ಜಗಳದ ದನಿಯೂ ಬೇಡ. ಮಾಂಸದ ಬಗ್ಗೆ ಸಂಶಯವಿದ್ದರೆ ಮೀನು ಇದೆ, ಅದಕ್ಕೆ ಕೊಯ್ಯುವ ಪ್ರಶ್ನೆಯೇ ಇಲ್ಲ. ಅದೇ ಎಣ್ಣೆಯಲ್ಲಿ ಬೇರೇನು ಕರಿದಿದ್ದಾರೆ ಎಂದು ಮೆಲ್ಲಗೆ ವಿಚಾರಿಸಿದರೆ ಸಾಕು.

ಮೀನು ಹೇಳುವಾಗ ಮಾತ್ರ ಎಚ್ಚರ. ಅಂಜಲ್, ಮಾಂಜಿಯನ್ನು ಬುಟ್ಟಿಯಲ್ಲಿ ತೋರಿಸಿ "ಸೈಜ್ ನೋಡಿ ರೇಟು" ಅನ್ನುವಲ್ಲಿ ತೂಕ ಮಾಡಿಸಿ, ದರ ಬಾಯಲ್ಲಿ ಹೇಳಿಸಿಕೊಂಡ ಮೇಲೆಯೇ ಒಲೆಗೆ ಹೋಗಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ "ಈಗಷ್ಟೇ ಬಂದ ಫ್ರೆಶ್ ಅಂಜಲ್" ಎಂದವರ ಹತ್ತಿರ ಎಲ್ಲಿಂದ ಬಂತು ಎಂದು ಕೇಳಬಹುದು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದಿಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ತೆಗೆಯಲು ಹೇಳಿ. ಬಡಿಸಿದ ಹುಡುಗನ ಕೈಗೆ ಖುಷಿಯಿಂದ ಏನಾದರೂ ಕೊಡಿ, ಅದು ಬೇರೆ ವಿಷಯ.

ಜಾಗ ಆರಿಸುವ ಕೆಲಸವನ್ನು ಈ ಸಲ ಹೆಂಗಸರಿಗೇ ಬಿಡುವ. ಮೊಣಕಾಲು ನೋವಿನ ಅಜ್ಜಿಗೆ ಮೆಟ್ಟಿಲು ಹತ್ತಲು ಆಗುತ್ತದಾ, ಸಣ್ಣ ಮಗುವಿಗೆ ಖಾರವಿಲ್ಲದ್ದು ಸಿಗುತ್ತದಾ, ಹೆಂಗಸರು ನೆಮ್ಮದಿಯಿಂದ ಕೂರುವ ಫ್ಯಾಮಿಲಿ ರೂಮು ಇದೆಯಾ, ಹತ್ತಿರ ನಮಾಝಿಗೆ ಜಾಗ ಇದೆಯಾ, ಇವೆಲ್ಲ ನಮಗಿಂತ ಮೊದಲು ಅವರಿಗೆ ನೆನಪಾಗುತ್ತದೆ. ಶುಕ್ರವಾರ ಕಲ್ಲಿಕೋಟೆಯಲ್ಲಿ ಇರುವವರು ಜುಮಾ ಮುಗಿದ ಕೂಡಲೇ ಬಿರಿಯಾನಿ ಹೋಟೆಲಿಗೆ ಓಡಬೇಡಿ, ಇಡೀ ಊರೇ ಅಲ್ಲಿ ಇರುತ್ತದೆ. ಒಂದು ಸುಲೈಮಾನಿ ಕುಡಿದು ಅರ್ಧ ಗಂಟೆ ತಡೆದು ಹೋದರೆ ಹದಿನೈದು ಜನರಿಗೂ ಒಟ್ಟಿಗೆ ಮೇಜು ಸಿಕ್ಕೀತು.