ಕೈಕೊಡುವ ಕೈಪಿಡಿಗಳು

ಎಷ್ಟೇ ವಿವರವಾಗಿ ಬರೆದುಕೊಟ್ಟರೂ ಜನ ಕೈಪಿಡಿ ಓದುವುದೇ ಇಲ್ಲ ಎಂಬುದು ತಂತ್ರಾಂಶ ತಯಾರಕರ ಹಳೆಯ ದೂರು. ದೂರೇನೋ ನಿಜ. ಆದರೆ ತಪ್ಪೆಲ್ಲ ಜನರದ್ದೇ ಎನ್ನುವ ಮೊದಲು, ಐಬಿಎಂ ಕಂಪನಿಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಲ್ಲಿ ಜಾನ್ ಕ್ಯಾರೊಲ್ ಕಂಡುಕೊಂಡದ್ದನ್ನು ತಿಳಿಯಬೇಕು.

ವರ್ಡ್ ಪ್ರೊಸೆಸರ್ ಆಗಷ್ಟೇ ಕಚೇರಿಗಳಿಗೆ ಕಾಲಿಡುತ್ತಿತ್ತು. ಹೊಸಬರ ಮುಂದೆ ಯಂತ್ರವನ್ನೂ ಕೈಪಿಡಿಯನ್ನೂ ಇಟ್ಟು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಕಲಿಯಿರಿ ಎಂದು ಹೇಳಿ ಕ್ಯಾರೊಲ್ ತಂಡ ಗಮನಿಸುತ್ತಾ ಕೂತಿತು. ಕಲಿಯುವವರು ಪೀಠಿಕೆಯನ್ನು ಹಾರಿಸಿ ನೇರ ಕೆಲಸಕ್ಕೆ ಕೈಹಾಕಿದರು. ಎಲ್ಲೋ ಒಂದು ತಪ್ಪು ಕೀಲಿ ಒತ್ತಿದರೆ ಮುಗಿಯಿತು, ಪರದೆಯ ಮೇಲಿರುವುದಕ್ಕೂ ಪುಸ್ತಕ ಹೇಳುವುದಕ್ಕೂ ತಾಳೆಯಾಗುತ್ತಿರಲಿಲ್ಲ. ಅಲ್ಲಿಂದ ಹಿಂದಕ್ಕೆ ಬರುವ ದಾರಿಯನ್ನು ಪುಸ್ತಕ ಸರಿಯಾಗಿ ಹೇಳಿರಲಿಲ್ಲ. ಓದುಗ ಎಲ್ಲೂ ಎಡವುವುದಿಲ್ಲ ಎಂದು ನಂಬಿ ಬರೆದದ್ದು ಅದು! ಕ್ಯಾರೊಲ್ ತಂಡ ಪೀಠಿಕೆಗಳನ್ನು ಕಿತ್ತುಹಾಕಿ, ತಪ್ಪು ಸರಿಪಡಿಸುವ ಬಗೆಗೆ ಹೆಚ್ಚು ಜಾಗ ಕೊಟ್ಟು ತೆಳ್ಳಗಿನ ಕೈಪಿಡಿ ಮಾಡಿತು. ಅದನ್ನು ಹಿಡಿದವರು ಬೇಗ ಕಲಿತರು.

ಹಾಗೆಂದು ದಪ್ಪ ಪುಸ್ತಕಗಳೆಲ್ಲ ದಂಡವೆಂದಲ್ಲ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಕೈಪಿಡಿ 1971ರಲ್ಲೇ ಒಂದೊಂದು ಆದೇಶದ ವಿವರದ ಕೆಳಗೆ 'ದೋಷಗಳು' ಎಂಬ ತಲೆಬರಹ ಇಟ್ಟುಕೊಂಡಿತ್ತು. ತನ್ನ ಸರಕಿನ ಹುಳುಕನ್ನು ತಾನೇ ಹೇಳುವ ಆ ಪ್ರಾಮಾಣಿಕತೆ ಇಂದಿಗೂ ಅಪರೂಪ. ಆದರೆ ಅದು ಬಲ್ಲವರು ತಿರುವಿ ನೋಡುವ ಪುಸ್ತಕ. ನಿಘಂಟು ಓದಿ ಯಾರೂ ಮಾತು ಕಲಿಯುವುದಿಲ್ಲ.

ನಮ್ಮ ಡಿಟಿಪಿ ಅಂಗಡಿಗಳನ್ನೇ ನೋಡಿ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಆಮಂತ್ರಣವನ್ನು ಮೇಲ್ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಾರಣ ಸರಳ: ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಆ ಫಾಂಟ್ ಕನ್ನಡದ ಆಕಾರಗಳನ್ನು ಕೂರಿಸಿರುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ. ಕೈಪಿಡಿಯಲ್ಲಿ 'ಪರಿವರ್ತನೆ ಮೆನು ಆಸ್ಕಿಯನ್ನು ಯುನಿಕೋಡ್‌ಗೆ ಪರಿವರ್ತಿಸುತ್ತದೆ' ಎಂಬ ಸಾಲಿದ್ದರೆ ಅದು ಸುಳ್ಳಲ್ಲ, ಆದರೆ ಗ್ರಾಹಕ ಬೈಯುತ್ತಿರುವಾಗ ಯಾರು ಈ ಸಾಲನ್ನು ಹುಡುಕಿಯಾರು? 'ಕಳಿಸಿದ ಫೈಲ್ ಅಲ್ಲಿ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತಿದೆಯೇ?' ಎಂಬ ತಲೆಬರಹವಿದ್ದರೆ ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ. ಹಾಗೆಯೇ ನುಡಿ ಕೀಲಿಮಣೆ ಕಲಿಯುವವರಿಗೆ ಒತ್ತಕ್ಷರದ ನಿಯಮಾವಳಿಗಿಂತ, 'ಅಕ್ಕ ಬೇಕಾದರೆ ಎ, ಕೆ, ಎಫ್, ಕೆ ಒತ್ತಿ' ಎಂಬ ಒಂದು ಚೀಟಿ ಮಾನಿಟರಿನ ಅಂಚಿನಲ್ಲಿದ್ದರೆ ಹೆಚ್ಚು ಉಪಯೋಗ.

ಈಗ ಕೈಪಿಡಿಯ ಜಾಗಕ್ಕೆ ವಿಡಿಯೊ ಬಂದಿದೆ. ಕೈ ಎಲ್ಲಿ ಹೋಗುತ್ತದೆಂದು ಕಣ್ಣಾರೆ ಕಾಣುವುದು ದೊಡ್ಡ ಅನುಕೂಲ. ಆದರೆ ಬೇಕಾದ ಒಂದೇ ಗುಂಡಿಗಾಗಿ ಸ್ವಾಗತ, ಚಂದಾದಾರರಾಗಿ ಎಂಬ ಕೋರಿಕೆ ಎಲ್ಲವನ್ನೂ ಸಹಿಸಬೇಕು. ಹೊಸ ಆವೃತ್ತಿ ಬಂದು ಮೆನು ಜಾಗ ಬದಲಿಸಿದರೆ ಪುಟ ತಿದ್ದಿದ ಹಾಗೆ ವಿಡಿಯೊ ತಿದ್ದಲಾಗದು. ಪುಟವಿರಲಿ, ವಿಡಿಯೊ ಇರಲಿ, ಕ್ಯಾರೊಲ್ ಮಾಡಿದಂಥ ಪರೀಕ್ಷೆಗೆ ಖರ್ಚು ಹೆಚ್ಚಿಲ್ಲ. ತಂತ್ರಾಂಶದ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಕರಡು ಕೊಟ್ಟು, ಬರೆದವರು ಪಕ್ಕದಲ್ಲಿ ತುಟಿ ಬಿಚ್ಚದೆ ಕೂರಬೇಕು. ಕಷ್ಟವಿರುವುದು ಆ ಸುಮ್ಮನೆ ಕೂರುವುದರಲ್ಲೇ.